ಮಗುವಿಗೆ ಮಂಪರು ಬರಿಸಿ ಸ್ಕ್ಯಾನಿಂಗ್: ಊರು ಬಿಡುವ ಮುಂಚೆ, ಊರು ಸೇರಿದ ಮೇಲೆ

ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯಿಂದ ಮಗುವನ್ನು ಶಿವಮೊಗ್ಗಕ್ಕೆ ಸ್ಕ್ಯಾನಿಂಗಿಗೆ ಕರೆತರುವವರು ಸಾಮಾನ್ಯವಾಗಿ ಕೇಳುವುದು ಒಂದೇ: "ಆ ನಿದ್ದೆ ಔಷಧಿ ಜಾಸ್ತಿ ಪವರಿಂದಾ ಡಾಕ್ಟ್ರೇ?" ಔಷಧಿಯ ಹೆಸರು, ಪವರು ಎಲ್ಲ ಆಮೇಲಿನ ಮಾತು. ಮಂಪರಿನಲ್ಲಿ ಮಕ್ಕಳಿಗೆ ತೊಂದರೆಯಾಗುವುದು ಬಹುಪಾಲು ಉಸಿರಿನ ದಾರಿಯಲ್ಲಿ, ಅದೂ ಯಾರ ಕಣ್ಣೂ ಮಗುವಿನ ಮೇಲಿಲ್ಲದ ಕೆಲವೇ ನಿಮಿಷಗಳಲ್ಲಿ. ಚಿಕ್ಕ ಮಕ್ಕಳ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಬಾಯಿಗೆ ಹೋಲಿಸಿದರೆ ನಾಲಿಗೆ ದೊಡ್ಡದು, ಶ್ವಾಸನಾಳವೋ ಕಿರಿದು. ತೂಕದ ಲೆಕ್ಕದಲ್ಲಿ ನೋಡಿದರೆ ಹಸುಗೂಸು ಬಳಸುವ ಆಮ್ಲಜನಕ ದೊಡ್ಡವರ ಸುಮಾರು ಎರಡು ಪಟ್ಟು. ಉಸಿರು ಕಟ್ಟಿದರೆ ನಮಗೆ ಸಿಗುವಷ್ಟು ಕಾಲಾವಕಾಶ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಇದು: "ಮಗು ಮಲಗಿದಾಗ ಅದನ್ನೊಂದೇ ನೋಡಿಕೊಂಡು ಯಾರು ಪಕ್ಕದಲ್ಲಿ ನಿಂತಿರ್ತಾರೆ?" ಕೆಳಗಿನ ಹಂತಗಳೆಲ್ಲ ಸುತ್ತುವುದು ಇದರ ಸುತ್ತಲೇ.

ಹಂತ 1: ಮಂಪರು ಬೇಕೇ ಬೇಕಾ ಅಂತ ಕೇಳಿ

ಎಕ್ಸ್‌ರೇಗೆ ಬೇಡ. ಹೊಟ್ಟೆಯ ಅಲ್ಟ್ರಾಸೌಂಡಿಗೂ ಬೇಡ. ಈಗಿನ ಸಿಟಿ ಮೆಷಿನ್ನುಗಳು ಚಿತ್ರ ತೆಗೆಯುವುದು ಸೆಕೆಂಡುಗಳಲ್ಲಿ. ಅಮ್ಮನ ಮಾತು ಕೇಳಿಕೊಂಡು ಅಷ್ಟು ಹೊತ್ತು ಅಲುಗಾಡದೆ ಮಲಗುವ ಮಕ್ಕಳು ಎಷ್ಟೋ ಇದ್ದಾರೆ. ಎಂಆರ್‌ಐ ಕಥೆ ಬೇರೆ. ಇಪ್ಪತ್ತರಿಂದ ನಲವತ್ತೈದು ನಿಮಿಷ, ಕೊಳವೆಯಂಥ ಜಾಗ, ಕಿವಿಗಡಚಿಕ್ಕುವ ಸದ್ದು. ನಾಲ್ಕೈದು ವರ್ಷದೊಳಗಿನ ಹೆಚ್ಚಿನವರಿಗೆ ಅಲ್ಲಿ ಮಂಪರು ಬೇಕಾಗುತ್ತದೆ. ಆದರೆ ಮೂರು ತಿಂಗಳೊಳಗಿನ ಕೂಸಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿ ಮುಚ್ಚಿ ಮಲಗಿಸಿದರೆ ಔಷಧಿ ಇಲ್ಲದೆಯೇ ಎಂಆರ್‌ಐ ಮುಗಿಸಲು ಸಾಧ್ಯ. ಬಾಣಂತನದಲ್ಲಿ ಕೂಸನ್ನು ಸುತ್ತಿ ಮಲಗಿಸಿ ರೂಢಿ ಇರುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಥ ಅಜ್ಜಿ ಮನೆಯಲ್ಲಿದ್ದರೆ ಜೊತೆಗೇ ಕರೆತನ್ನಿ.

ಕಿವಿ ಕೇಳಿಸುತ್ತದೋ ಇಲ್ಲವೋ ನೋಡುವ ಬೆರಾ ಪರೀಕ್ಷೆ, ಮೂರ್ಛೆ ರೋಗಕ್ಕೆ ಮಾಡುವ ಇಇಜಿ, ಹೃದಯದ ಎಕೋ, ಈ ಮೂರಕ್ಕೂ ಸಹಜ ನಿದ್ದೆಯೇ ಸಾಕಾಗುವುದುಂಟು. ಅಂಗನವಾಡಿಗೋ ಶಾಲೆಗೋ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಗುವನ್ನು ತಪಾಸಣೆ ಮಾಡಿ ಮುಂದಿನ ಪರೀಕ್ಷೆಗೆ ಬರೆದುಕೊಟ್ಟಿದ್ದರೆ ಹೆಚ್ಚಾಗಿ ಇಂಥವೇ ಇರುತ್ತವೆ. ಇಇಜಿ ಇದ್ದರೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೆಳಿಗ್ಗೆ ಬೇಗ ಎಬ್ಬಿಸಲು ಹೇಳುತ್ತಾರೆ. ಇಲ್ಲೊಂದು ಮಲೆನಾಡಿನ ತೊಡಕಿದೆ: ಬಸ್ಸು ಹತ್ತಿದ ಕೂಡಲೇ ಮಗು ನಿದ್ದೆ ಹೊಡೆದು, ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಲವಲವಿಕೆಯಿಂದ ಇಳಿಯುತ್ತದೆ. ದಾರಿಯುದ್ದಕ್ಕೂ ಮಾತಾಡಿಸಿ ಎಚ್ಚರ ಇಡಲು ಒಬ್ಬರು ಜೊತೆಗಿರಲಿ.

ಸೂಜಿ ಚುಚ್ಚುವುದೊಂದೇ ಹೆದರಿಕೆಯಾದರೆ ಚರ್ಮ ಮರಗಟ್ಟಿಸುವ ಕ್ರೀಮ್ ಇದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೊದಲೇ ಅದನ್ನು ಹಚ್ಚಿರಬೇಕು, ಆದ್ದರಿಂದ ಬಂದ ತಕ್ಷಣ ಸಿಸ್ಟರ್ ಹತ್ತಿರ ಕೇಳಿ.

ಹಂತ 2: ಏನು ಕೊಡುತ್ತಾರೆ, ಮಗು ಹೇಗಿರುತ್ತದೆ ಅಂತ ತಿಳಿದಿರಿ

ಎಕೋ, ಇಇಜಿ, ಬೆರಾಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟ್ರೈಕ್ಲೋಫಾಸ್ ಎಂಬ ಸಿರಪ್. ನಿಧಾನಕ್ಕೆ ಹತ್ತುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಸಣ್ಣ ಕೂಸುಗಳ ಮೈಯಿಂದ ಇಳಿಯಲು ಇನ್ನೂ ತಡ. ಮಿಡಜೋಲಾಮ್ ಬಾಯಿಯಿಂದಲೋ ಮೂಗಿಗೆ ಸ್ಪ್ರೇ ಮಾಡಿಯೋ ಕೊಡುವಂಥದ್ದು. ಹೆದರಿಕೆ ಇಳಿಸುತ್ತದೆ, ನಡೆದದ್ದು ನೆನಪಿನಲ್ಲಿ ಉಳಿಯದಂತೆ ಮಾಡುತ್ತದೆ. ಕೆಲವು ಮಕ್ಕಳಿಗೆ ಇದು ಉಲ್ಟಾ ಹೊಡೆದು ಅಳು, ರಂಪ ಶುರುವಾಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಎಂಬುದೂ ಮೂಗಿನಿಂದ ಕೊಡಬಹುದಾದದ್ದು, ಸಹಜ ನಿದ್ದೆಯಂತೆಯೇ ಮಲಗಿಸುತ್ತದೆ. ಪ್ರೊಪೊಫಾಲ್ ಬಿಳಿಹಾಲಿನಂಥ ಇಂಜೆಕ್ಷನ್. ಕ್ಷಣದಲ್ಲಿ ಮಲಗಿಸುತ್ತದೆ, ಬೇಗ ಏಳಿಸುತ್ತದೆ. ಅದೇ ವೇಗದಲ್ಲಿ ಉಸಿರನ್ನೂ ನಿಲ್ಲಿಸಬಲ್ಲದು, ಆದ್ದರಿಂದ ಅರಿವಳಿಕೆ ತಜ್ಞರ ಕೈಯಲ್ಲೇ ಇರಬೇಕಾದದ್ದು. ಹಲ್ಲಿನ ಡಾಕ್ಟರ ಬಳಿ ಮೂಗಿನ ಮಾಸ್ಕಿನಲ್ಲಿ ಆಮ್ಲಜನಕದ ಜೊತೆ ನೈಟ್ರಸ್ ಆಕ್ಸೈಡ್ ಕೊಡುವುದುಂಟು, ಜನ ನಗೆ ಅನಿಲ ಅನ್ನುವುದು ಇದನ್ನೇ.

ಕೆಟಮಿನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅಪ್ಪ-ಅಮ್ಮ ಅತಿ ಹೆಚ್ಚು ಗಾಬರಿಯಾಗುವುದು ಅದನ್ನು ನೋಡಿ. ಗಾಯಕ್ಕೆ ಹೊಲಿಗೆ ಹಾಕಲು, ಮುರಿದ ಕೈ ಎಳೆದು ಕೂರಿಸಲು, ಸುಟ್ಟ ಗಾಯದ ಪಟ್ಟಿ ಬದಲಿಸಲು ಇದನ್ನು ಕೊಡುತ್ತಾರೆ. ನೋವು ಗೊತ್ತಾಗುವುದಿಲ್ಲ. ಆದರೆ ಮಗುವಿನ ಕಣ್ಣು ತೆರೆದೇ ಇರುತ್ತದೆ, ಕಣ್ಣುಗುಡ್ಡೆ ಅತ್ತಿತ್ತ ಅದುರುತ್ತಿರುತ್ತದೆ, ಕೈಬೆರಳು ತಾನಾಗಿ ಆಡುತ್ತದೆ, ಬಾಯಲ್ಲಿ ಜೊಲ್ಲು ಬರುತ್ತದೆ. "ಅಯ್ಯೋ, ಎಚ್ಚರ ಇದೆ, ಹೊಲಿಗೆ ಹಾಕಬೇಡಿ" ಅಂತ ಕೂಗಿಕೊಳ್ಳುವವರಿದ್ದಾರೆ. ಆ ಔಷಧಿಯ ರೀತಿಯೇ ಹಾಗೆ. ಏಳುವಾಗ ವಾಂತಿ ಆಗಬಹುದು, ಏನೇನೋ ಬಡಬಡಿಸಬಹುದು. ಲೈಟು ಕಡಿಮೆ ಮಾಡಿ, ಮೆಲ್ಲಗೆ ಮಾತಾಡಿಸಿದರೆ ತಣ್ಣಗಾಗುತ್ತದೆ.

"ಮಿದುಳಿಗೇನಾದ್ರೂ ಆಗುತ್ತಾ?" ಎಂಬ ಪ್ರಶ್ನೆಯೂ ಬರುತ್ತದೆ, ಅದು ಸರಿಯಾದ ಪ್ರಶ್ನೆಯೇ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆ, ಮಂಪರು ಮದ್ದಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು ಕಡೆ, ಹಸುಗೂಸುಗಳಿಗೆ ಒಂದು ಗಂಟೆಯೊಳಗಿನ ಒಂದೇ ಸಲದ ಅರಿವಳಿಕೆ ಕೊಟ್ಟು, ಅವರಿಗೆ ಐದು ವರ್ಷ ತುಂಬಿದಾಗ ಬುದ್ಧಿಶಕ್ತಿ ಅಳೆದ ಹಲವು ದೇಶಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಎಂಆರ್‌ಐ ಅಥವಾ ನಾಲ್ಕು ಹೊಲಿಗೆಗೆ ಹೆದರಿ ಬೇಕಾದ ಚಿಕಿತ್ಸೆ ಮುಂದೂಡುವ ಕಾರಣವಿಲ್ಲ. ಎರಡು ಮೂರು ಸ್ಕ್ಯಾನ್ ಬೇರೆ ಬೇರೆ ದಿನ ಬರೆದಿದ್ದರೆ ಒಂದೇ ಮಂಪರಿನಲ್ಲಿ ಮುಗಿಸಬಹುದಾ ಅಂತ ಮಾತ್ರ ಖಂಡಿತ ಕೇಳಿ.

ಹಂತ 3: ಹಿಂದಿನ ವಾರ, ಮುಚ್ಚಿಡದೆ ಹೇಳಿ

ಮಳೆಗಾಲದಲ್ಲಿ ನಮ್ಮ ಕಡೆ ಮೂಗು ಸೋರದ ಮಗುವೇ ಇಲ್ಲ. "ಸಣ್ಣ ಶೀತ, ಎಂತದೂ ಇಲ್ಲ" ಅಂದುಬಿಡುತ್ತೇವೆ. ಮಂಪರಿಗೆ ಆ ಸಣ್ಣ ಶೀತವೇ ದೊಡ್ಡ ಸಂಗತಿ. ಶೀತ ಇರುವ ಮಗುವಿನ ಗಂಟಲು, ಶ್ವಾಸನಾಳ ಕೆರಳಿರುತ್ತವೆ. ಮಂಪರಿನಲ್ಲಿ ಗಂಟಲು ಬಿಗಿದುಕೊಂಡು ಉಸಿರು ಕಟ್ಟುವ ಸಾಧ್ಯತೆ ಹೆಚ್ಚು. ಜ್ವರ, ಕಫದ ಕೆಮ್ಮು, ಗೊರಗೊರ, ಉಬ್ಬಸ ಇದ್ದರೆ ತುರ್ತಲ್ಲದ ಕೆಲಸವನ್ನು ಎರಡರಿಂದ ನಾಲ್ಕು ವಾರ ಮುಂದೂಡುವುದು ವಾಡಿಕೆ. ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿದರೆ ಒಂದು ದಂಡದ ಪ್ರಯಾಣ ಉಳಿಯುತ್ತದೆ. ಉಬ್ಬಸಕ್ಕೆ ಪಂಪು ಬಳಸುತ್ತಿದ್ದರೆ ಅದು ಚೀಲದಲ್ಲಿರಲಿ.

ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಊರಿನಲ್ಲಿ ಜ್ವರ ಅಂದರೆ ಮಂಗನ ಕಾಯಿಲೆಯ ನೆನಪೂ ಇರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವಾಗಬಹುದು. ಉಣ್ಣೆ (ಉಣುಗು) ಕಚ್ಚಿದ್ದು, ಪಕ್ಕದಲ್ಲಿ ಮಂಗ ಸತ್ತದ್ದು ಗೊತ್ತಿದ್ದರೆ ಡಾಕ್ಟರು ಕೇಳುವ ತನಕ ಕಾಯದೆ ಹೇಳಿ.

ಉಳಿದಂತೆ ಹೇಳಬೇಕಾದವು: ಮಗು ದಿನಾ ಜೋರಾಗಿ ಗೊರಕೆ ಹೊಡೆಯುತ್ತದೆಯೇ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಶುರುವಾಗುತ್ತದೆಯೇ, ತಿಂಗಳು ತುಂಬದೆ ಹುಟ್ಟಿದ್ದೇ, ಹೃದಯ, ಲಿವರ್, ಕಿಡ್ನಿ ತೊಂದರೆ ಇದೆಯೇ, ಮನೆಯಲ್ಲಿ ಯಾರಿಗಾದರೂ ಆಪರೇಷನ್ನಿನ ಅರಿವಳಿಕೆಯಲ್ಲಿ ಕಷ್ಟವಾಗಿತ್ತೇ, ಹಿಂದೆ ಮಂಪರು ಮದ್ದು ಕೊಟ್ಟಾಗ ಏನಾಯಿತು, ಅಲ್ಲಾಡುವ ಹಾಲುಹಲ್ಲು ಇದೆಯೇ. ಮೂರ್ಛೆ ರೋಗದ ಔಷಧಿ ತಪ್ಪಿಸಬೇಡಿ. ಅಂದು ಬೆಳಿಗ್ಗೆ ಅದನ್ನು ಎಷ್ಟು ಹೊತ್ತಿಗೆ, ಎಷ್ಟು ನೀರಿನಲ್ಲಿ ಕೊಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು, ನಾವು ಔಷಧಿ ಅಂತ ಲೆಕ್ಕಕ್ಕೇ ಹಿಡಿಯದ ಔಷಧಿಗಳು. ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿ ತೇಯ್ದು ಕೂಸಿಗೆ ನೆಕ್ಕಿಸುವುದು ಮನೆಮನೆಯ ಪದ್ಧತಿ. ನಿದ್ದೆ ಬರಲಿ ಅಂತಲೇ ಜಾಯಿಕಾಯಿ ಕೊಡುವುದು ತಾನೇ? ಅಂದು ಅದು ಬೇಡ, ಹಿಂದಿನ ದಿನ ಕೊಟ್ಟಿದ್ದರೆ ಹೇಳಿ. ನಿದ್ದೆ ತರುವ ಕೆಮ್ಮಿನ ಸಿರಪ್ಪೂ ಹಾಗೆಯೇ. ತಿರುವಿನ ರಸ್ತೆಯಲ್ಲಿ ವಾಂತಿ ಆಗದಿರಲಿ ಅಂತ ಕೊಡುವ ಅವೊಮಿನ್ ಮಾತ್ರೆಯಲ್ಲಿರುವುದು ಪ್ರೊಮೆಥಜಿನ್. ಅದೂ ಮಂಪರು ತರುವಂಥದ್ದೇ, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದ್ದು. ಅದರ ಮೇಲೆ ಆಸ್ಪತ್ರೆಯ ಮಂಪರು ಬಿದ್ದರೆ ಎರಡೂ ಸೇರಿ ಉಸಿರನ್ನು ಅದುಮುತ್ತವೆ. ದಾರಿಯಲ್ಲಿ ಕೊಟ್ಟಿದ್ದರೆ ಬಂದ ಕೂಡಲೇ ಮೊದಲು ಅದನ್ನೇ ಹೇಳಿ.

ಹಂತ 4: ಹೊಟ್ಟೆ ಖಾಲಿ ಇಡುವ ಲೆಕ್ಕ

ಎಚ್ಚರವಿದ್ದಾಗ ಗಂಟಲಿಗೆ ಬಂದದ್ದನ್ನು ನಾವು ಉಗುಳುತ್ತೇವೆ ಅಥವಾ ನುಂಗುತ್ತೇವೆ. ಮಂಪರಿನಲ್ಲಿ ಆ ರಕ್ಷಣೆ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು.

ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಪಾಲಿಸುವುದು ಆರು-ನಾಲ್ಕು-ಎರಡರ ಲೆಕ್ಕ. ಅನ್ನ, ದೋಸೆ, ಬಿಸ್ಕತ್ತು, ದನದ ಹಾಲು, ಡಬ್ಬಿ ಹಾಲು ನಿಲ್ಲಿಸಿ ಆರು ಗಂಟೆ ಆಗಿರಬೇಕು. ಎಣ್ಣೆ-ತುಪ್ಪದ ಭಾರಿ ಊಟವಾದರೆ ಎಂಟು. ಎದೆಹಾಲಿಗೆ ನಾಲ್ಕು ಗಂಟೆ. ತಿಳಿ ದ್ರವಕ್ಕೆ ಎರಡು. ಯುರೋಪಿನ ಕೆಲವು ಕಡೆ ತಿಳಿ ದ್ರವಕ್ಕೆ ಒಂದೇ ಗಂಟೆ ಸಾಕು ಅನ್ನುತ್ತಾರೆ. ನಿಮ್ಮ ಮಗುವಿನ ಮಟ್ಟಿಗೆ ಅಲ್ಲಿನ ಅರಿವಳಿಕೆ ಡಾಕ್ಟರು ಹೇಳಿದ್ದೇ ಸರಿ.

ತಿಳಿ ದ್ರವ ಯಾವುದು ಎಂಬಲ್ಲೇ ಎಡವಟ್ಟಾಗುವುದು. ಗಾಜಿನ ಲೋಟಕ್ಕೆ ಹಾಕಿ ಹಿಂದೆ ಪೇಪರ್ ಹಿಡಿಯಿರಿ, ಅಕ್ಷರ ಓದಲು ಬಂದರೆ ಅದು ತಿಳಿ. ನೀರು, ಸಕ್ಕರೆ ನೀರು, ಸೋಸಿದ ಪುನರ್ಪುಳಿ ಶರಬತ್ತು ಆಗುತ್ತವೆ. ಗಂಜಿತಿಳಿ ಹೆಸರಿಗಷ್ಟೇ ತಿಳಿ. ಅದರಲ್ಲಿರುವುದು ಪಿಷ್ಟ, ಅದು ಆಹಾರದ ಲೆಕ್ಕಕ್ಕೇ ಸೇರುತ್ತದೆ. ಮಜ್ಜಿಗೆ ಆಗುವುದಿಲ್ಲ. ಹಾಲು ಹಾಕಿದ ಕಷಾಯವೂ ಆಗುವುದಿಲ್ಲ, ಅದಕ್ಕೆ ಎಷ್ಟು ಜೀರಿಗೆ ಹಾಕಿದ್ದರೂ ಅದು ಹಾಲೇ. ಎಳನೀರು ಕೆಲವು ಮಂಜಾಗಿರುತ್ತದೆ, ಕೇಳಿಕೊಂಡೇ ಕೊಡಿ.

ಬೆಳಿಗ್ಗೆ ಹತ್ತಕ್ಕೆ ಎಂಆರ್‌ಐ ಅಂತಿಟ್ಟುಕೊಳ್ಳಿ. ಹಾಲು, ತಿಂಡಿ ಬೆಳಗಿನ ಜಾವ ನಾಲ್ಕಕ್ಕೆ ಬಂದ್, ಎದೆಹಾಲು ಆರಕ್ಕೆ ಬಂದ್, ನೀರು ಎಂಟರವರೆಗೆ ಇರುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ., ಆಗುಂಬೆಯಿಂದ ಇನ್ನೂ ಮೂವತ್ತು ಜಾಸ್ತಿ. ಆರಕ್ಕೆ ಹೊರಟರೆ ಎಂಟರ ಹೊತ್ತಿಗೆ ಇನ್ನೂ ದಾರಿಯಲ್ಲೇ ಇರುತ್ತೀರಿ. ಫೋನಿನಲ್ಲಿ ಏಳೂವರೆಗೆ ಅಲಾರಂ ಇಟ್ಟು, ಬಸ್ಸಿನಲ್ಲೇ ಮಗುವಿಗೆ ಸಕ್ಕರೆ ನೀರು ಕುಡಿಸಿ. ಎಷ್ಟು ಕುಡಿಸಬಹುದು ಅಂತ ಹಿಂದಿನ ದಿನವೇ ಕೇಳಿಕೊಂಡಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಹೆದರಿ ರಾತ್ರಿ ಊಟದಿಂದಲೇ ಒಂದು ಹನಿ ನೀರೂ ಕೊಡದೆ ಕರೆತರುವವರೇ ಹೆಚ್ಚು. ಅಂಥ ಮಗುವಿನ ಸಕ್ಕರೆ ಅಂಶ ಇಳಿದಿರುತ್ತದೆ, ನರ ಸಿಗುವುದಿಲ್ಲ, ಅತ್ತು ಅತ್ತು ಸುಸ್ತಾಗಿರುತ್ತದೆ. ಚಿಕ್ಕ ಮಕ್ಕಳನ್ನು ಪಟ್ಟಿಯಲ್ಲಿ ಮೊದಲು ಹಾಕಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಸೆರಗಿನ ಮರೆಯಲ್ಲಿ ಒಂದು ಬಿಸ್ಕತ್ತು ಕೊಟ್ಟಿರುತ್ತಾರೆ. "ಬರೀ ಹೊಟ್ಟೇಲಿ ಕೂಸು ಎಷ್ಟೊತ್ತು ಇರತ್ತೆ ಪಾಪ." ಬೈಯಬೇಡಿ, ಆದರೆ ಮುಚ್ಚಿಡಲೂಬೇಡಿ. ಬಿಸ್ಕತ್ತು ತಿಂದಿದೆ ಅಂತ ಗೊತ್ತಾದರೆ ಮಧ್ಯಾಹ್ನದ ಸರದಿಗೆ ಹಾಕುತ್ತಾರೆ, ಅಷ್ಟೇ. ಗೊತ್ತಾಗದಿದ್ದರೆ ಆಗಬಹುದಾದದ್ದು ಬೇರೆಯೇ.

ಹಂತ 5: ಸಿರಪ್ ಮನೆಯಲ್ಲೋ ಬಸ್ಸಿನಲ್ಲೋ ಕುಡಿಸಬೇಡಿ

"ಅರ್ಧ ಗಂಟೆ ಮುಂಚೆ ಕುಡಿಸಿಕೊಂಡೇ ಬನ್ನಿ, ಇಲ್ಲಿ ಕಾಯೋದು ತಪ್ಪುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹೇಳಿದವರು ಯಾರೇ ಇರಲಿ. ಮಂಪರು ಮದ್ದು ಕೊಡಬೇಕಾದದ್ದು ಆಸ್ಪತ್ರೆಯಲ್ಲಿ, ಆಮ್ಲಜನಕ ಕೈಗೆಟಕುವಲ್ಲಿ, ತರಬೇತಿ ಇರುವವರ ಕಣ್ಣೆದುರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಾರಿನ ಸೀಟಿನಲ್ಲಿ ಮಂಪರಾದ ಕೂಸಿನ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಪಕ್ಕದಲ್ಲಿದ್ದವರಿಗೆ ಮಗು ಚೆನ್ನಾಗಿ ಮಲಗಿದೆ ಅಂತಲೇ ಕಾಣುತ್ತದೆ.

ಮೊದಲ ಡೋಸು ಮಗು ಉಗುಳಿತು ಅಂತ ಅಂದಾಜಿನಲ್ಲಿ ಇನ್ನೊಂದು ಮುಚ್ಚಳ ಕುಡಿಸುವುದೂ ಅಷ್ಟೇ ಅಪಾಯ. ಡೋಸು ನಿಲ್ಲುವುದು ತೂಕದ ಮೇಲೆ. ಬಾಯಿಯಿಂದ ಕೊಡುವ ಮಿಡಜೋಲಾಮ್ ಒಂದು ಕೆ.ಜಿ.ಗೆ ಅರ್ಧ ಮಿ.ಗ್ರಾಂ ಲೆಕ್ಕದಲ್ಲಿ ಕೊಡುವಾಗ, 12 ಕೆ.ಜಿ. ಮಗುವನ್ನು ಅಂದಾಜಿನಲ್ಲಿ 16 ಅಂತ ಬರೆದರೆ 6 ಮಿ.ಗ್ರಾಂ ಬದಲು 8 ಹೋಗುತ್ತದೆ. ಅಂಗನವಾಡಿಯಲ್ಲಿ ಮೂರು ತಿಂಗಳ ಹಿಂದೆ ತೂಗಿದ್ದು ಸಾಲದು. ಅಂದೇ, ಅಲ್ಲೇ, ಬೂಟು-ಸ್ವೆಟರು ತೆಗೆಸಿ ತೂಗಿಸಿ.

ಹಂತ 6: ಕೋಣೆಯೊಳಗೆ ಕಣ್ಣಾಡಿಸಿ

ಮೆಗ್ಗಾನ್‌ನಂಥ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇರಲಿ, ಸಣ್ಣ ಸ್ಕ್ಯಾನಿಂಗ್ ಸೆಂಟರ್ ಇರಲಿ, ನೋಡಬೇಕಾದದ್ದು ಒಂದೇ. ಆಮ್ಲಜನಕ, ಮಗುವಿನ ಮುಖದ ಅಳತೆಯ ಮಾಸ್ಕ್ ಮತ್ತು ಗಾಳಿ ಒತ್ತುವ ಚೀಲ, ಬಾಯಿಯ ಕಫ ಎಳೆಯುವ ಸಕ್ಷನ್ ಯಂತ್ರ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್. ಈ ಆಕ್ಸಿಮೀಟರಿನ ತತ್ವ ಕಂಡುಹಿಡಿದು 1974ರಲ್ಲಿ ಲೋಕಕ್ಕೆ ತಿಳಿಸಿದ್ದು ಜಪಾನಿನ ತಕುವೊ ಅಯೊಯಾಗಿ. ಅರಿವಳಿಕೆ ಕೋಣೆಯಲ್ಲಿ ಕೆಲಸ ಮಾಡುವವರೆಲ್ಲ ಅವರಿಗೆ ಋಣಿ. ಆದರೆ ಮಗುವಿಗೆ ಆಮ್ಲಜನಕ ಕೊಡುತ್ತಿದ್ದರೆ ಉಸಿರು ಕುಂದಿದ್ದೂ ಆಕ್ಸಿಮೀಟರಿನಲ್ಲಿ ತಡವಾಗಿ ಕಾಣುತ್ತದೆ. ಹಾಗಾಗಿ ಆಳವಾದ ಮಂಪರಿಗೆ, ಹೊರಬಿಡುವ ಉಸಿರನ್ನು ಅಳೆಯುವ ಕ್ಯಾಪ್ನೋಗ್ರಾಫ್ ಕೂಡ ಬೇಕು. ಮಿಡಜೋಲಾಮ್ ಹೆಚ್ಚಾದರೆ ಅದರ ಪರಿಣಾಮ ತಗ್ಗಿಸಲು ಫ್ಲೂಮಜೆನಿಲ್ ಎಂಬ ಔಷಧಿ ಇದೆ. ಟ್ರೈಕ್ಲೋಫಾಸ್‌ಗೆ, ಕೆಟಮಿನ್‌ಗೆ ಅಂಥದ್ದಿಲ್ಲ.

ಯಂತ್ರಕ್ಕಿಂತ ಮುಖ್ಯವಾದದ್ದು ಮೊದಲೇ ಹೇಳಿದ ಆ ಒಬ್ಬರು. ಸ್ಕ್ಯಾನ್ ಮಾಡುವವರು ಸ್ಕ್ಯಾನ್ ಮಾಡುತ್ತಿರುತ್ತಾರೆ, ಹೊಲಿಗೆ ಹಾಕುವವರ ಕಣ್ಣು ಗಾಯದ ಮೇಲಿರುತ್ತದೆ. ಮಗುವಿನ ಉಸಿರು, ಬಣ್ಣ, ನಾಡಿ ನೋಡುವುದನ್ನೇ ಕೆಲಸ ಮಾಡಿಕೊಂಡ ಬೇರೊಬ್ಬರು ಬೇಕು. ಲಘು ಮಂಪರು ಅಂತ ಶುರು ಮಾಡಿದ್ದು ಆಳಕ್ಕೆ ಜಾರುವುದು ಮಕ್ಕಳಲ್ಲಿ ಸಾಮಾನ್ಯ, ಅದಕ್ಕೇ ಈ ಹಟ. "ಯಾರು ನೋಡಿಕೊಳ್ತಾರೆ ಸರ್?" ಅಂತ ಕೇಳಿದರೆ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ. ಸಿಡುಕಿನ ಉತ್ತರ ಬಂದರೆ, ಕೆಲಸ ತುರ್ತಿನದಲ್ಲದಿದ್ದರೆ, ಬೇರೆ ಕಡೆ ವಿಚಾರಿಸುವ ಹಕ್ಕು ನಿಮಗಿದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸಿ ಅಂತ ಹೇಳಿಯೇ ಸಹಿ ಹಾಕಿ.

ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಬಳೆ, ತಾಯಿತ, ಅಂಗಿಯ ಪಿನ್ನು ಎಲ್ಲ ತೆಗೆಯಬೇಕು. ಉಡಿದಾರ ಬಿಚ್ಚಲು ಮನಸ್ಸು ಒಪ್ಪದ ಹಿರಿಯರಿದ್ದರೆ ಮನೆಯಲ್ಲೇ ಮಾತಾಡಿ ಮುಗಿಸಿಕೊಂಡು ಬನ್ನಿ, ಕತ್ತರಿ ಹುಡುಕುತ್ತ ಸರದಿ ತಪ್ಪುವುದು ಬೇಡ. ಉಗುರುಬಣ್ಣವನ್ನೂ ಹಿಂದಿನ ದಿನವೇ ಒರೆಸಿ, ಆಕ್ಸಿಮೀಟರಿಗೆ ಅಡ್ಡಿಯಾಗುತ್ತದೆ.

ಹಂತ 7: ಎಚ್ಚರವಾಗುವವರೆಗೆ

ಪರೀಕ್ಷೆ ಮುಗಿಯಿತು ಅಂದರೆ ಮಂಪರು ಮುಗಿಯಿತು ಅಂತಲ್ಲ. ಸೂಜಿ, ಸದ್ದು ನಿಂತ ಮೇಲೆ ಮಗುವನ್ನು ಎಬ್ಬಿಸುವಂಥದ್ದು ಏನೂ ಇರುವುದಿಲ್ಲ, ಆಗಲೇ ನಿದ್ದೆ ಇನ್ನಷ್ಟು ಆಳವಾಗಬಹುದು. ಬೆರಳಿನ ಆಕ್ಸಿಮೀಟರ್ ತೆಗೆಯದೆ ಇರಲಿ, ಸಿಸ್ಟರ್ ಕಣ್ಣಳತೆಯಲ್ಲಿರಿ. ಮನೆಗೆ ಕಳಿಸುವ ಮೊದಲು ಮಗು ಎಂದಿನಂತೆ ಗುರುತು ಹಿಡಿಯಬೇಕು, ಅದರ ವಯಸ್ಸಿಗೆ ತಕ್ಕಂತೆ ಕೂರಬೇಕು, ಮಾತಾಡಬೇಕು. ಟ್ರೈಕ್ಲೋಫಾಸ್‌ನಂಥ ನಿಧಾನದ ಔಷಧಿಯಾದರೆ ಗಲಾಟೆ ಇಲ್ಲದ ಜಾಗದಲ್ಲಿ, ಯಾರೂ ತಟ್ಟದೆ, ಕನಿಷ್ಠ ಇಪ್ಪತ್ತು ನಿಮಿಷ ತಾನಾಗಿ ಎಚ್ಚರವಿರುತ್ತದೆಯೇ ನೋಡುವುದು ಒಳ್ಳೆಯ ಅಳತೆ. ಫ್ಲೂಮಜೆನಿಲ್ ಕೊಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು, ಸುಮಾರು ಎರಡು ಗಂಟೆ ಕಾಯಬೇಕು. ಅದರ ಪ್ರಭಾವ ಇಳಿದ ಮೇಲೆ ಮಂಪರು ಮರಳಬಹುದು.

"ಲಾಸ್ಟ್ ಬಸ್ಸು ಹೋಗುತ್ತೆ" ಎಂಬ ಅವಸರ ಇಲ್ಲಿ ಕೂಡದು. ತಿಂಗಳು ತುಂಬದೆ ಹುಟ್ಟಿದ ಎಳೆಕೂಸಾದರೆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಲು ಹೇಳಬಹುದು, ಒಪ್ಪಿಕೊಳ್ಳಿ. ಉಳಿದವರೂ ಶಿವಮೊಗ್ಗದಲ್ಲಿ ನೆಂಟರ ಮನೆ ಇದ್ದರೆ ಹೇಳಿಟ್ಟಿರಿ.

ಹಂತ 8: ವಾಪಸ್ ದಾರಿ, ಆ ರಾತ್ರಿ

ಕಾರಿನಲ್ಲಾದರೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಓಡಿಸಲು, ಇನ್ನೊಬ್ಬರು ಹಿಂದೆ ಕೂತು ಮಗುವಿನ ಮುಖ ನೋಡುತ್ತಿರಲು. ಬೈಕು ಬೇಡವೇ ಬೇಡ. ಗದ್ದ ಎದೆಗೆ ಬೀಳದಂತೆ ತಲೆ ನೇರವಾಗಿರಲಿ. ಮುಖವನ್ನು ಶಾಲಿನಿಂದ ಮುಚ್ಚಬೇಡಿ, ಎಷ್ಟೇ ಥಂಡಿ ಇದ್ದರೂ. ವಾಂತಿ ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ. ಕಾಡಿನ ಮಧ್ಯೆ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ನಿಮಗೇ ಗೊತ್ತಿರುತ್ತವೆ. ಅವನ್ನು ದಾಟುವ ಮುಂಚೆ ಗಾಡಿ ನಿಲ್ಲಿಸಿ ಮಗುವನ್ನು ಒಮ್ಮೆ ಮಾತಾಡಿಸಿ.

ಮನೆಗೆ ಬಂದ ಮೇಲೆ ಮೊದಲು ನೀರು, ಆಮೇಲೆ ಗಂಜಿ, ಅದು ಹೊಟ್ಟೆಯಲ್ಲಿ ನಿಂತರೆ ಊಟ. ತೂರಾಡುವುದು, ಕಿರಿಕಿರಿ ಆ ದಿನವೆಲ್ಲ ಇರಬಹುದು. ಮೆಟ್ಟಿಲು, ಸೈಕಲ್ಲು, ಬಚ್ಚಲ ಒಲೆ, ಕೆರೆ-ಹೊಳೆಯ ಹತ್ತಿರ ಒಂದು ದಿನ ಒಂಟಿಯಾಗಿ ಬಿಡಬೇಡಿ. ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗಿಸಿ.

ತಟ್ಟಿ ಕರೆದರೂ ಏಳದಿದ್ದರೆ, ತುಟಿ ನೀಲಿಯಾದರೆ, ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ, ಪಕ್ಕೆ ಒಳಗೆಳೆದುಕೊಂಡು ಉಸಿರಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ, ಗದ್ದ ಸ್ವಲ್ಪ ಮೇಲೆತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅನ್ನಿಸಿದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಶಿವಮೊಗ್ಗಕ್ಕೇ ಮರಳಬೇಕೆಂದು ಕಾಯಬೇಡಿ. ವಾಂತಿ ನಿಲ್ಲದಿದ್ದರೆ, ಜ್ವರ ಅಥವಾ ಹೊಸ ಕೆಮ್ಮು ಶುರುವಾದರೆ ಬೆಳಗಾಗುವ ತನಕ ತಡೆಯದೆ ಆಸ್ಪತ್ರೆಗೆ ಫೋನ್ ಮಾಡಿ.

ಬರುವಾಗ ಚೀಟಿಯ ಮೇಲೆ ಮೂರು ಸಂಗತಿ ಬರೆಸಿಕೊಂಡು ಬನ್ನಿ: ಯಾವ ಔಷಧಿ, ಎಷ್ಟು ಕೊಟ್ಟರು, ಮಗು ಎಷ್ಟು ಹೊತ್ತಿಗೆ ಪೂರ್ತಿ ಎಚ್ಚರವಾಯಿತು. ಅದನ್ನು ತಾಯಿ ಕಾರ್ಡಿನ ಜೊತೆಗೇ ಇಡಿ. ಮುಂದಿನ ಸಲ ಬೇರೆ ಊರು, ಬೇರೆ ಡಾಕ್ಟರಾದರೂ ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.